ಎಲೆ ಹಾಕದವರ ಸುಣ್ಣದ ಡಬ್ಬಿ

ಎಲೆ ಅಡಿಕೆ ಹಾಕದ ಮನುಷ್ಯ ಸೊಂಟದಲ್ಲಿ ಸುಣ್ಣದ ಡಬ್ಬಿ ಸಿಕ್ಕಿಸಿಕೊಂಡು ಓಡಾಡುವುದನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಹಿತ್ತಾಳೆಯ ಸಣ್ಣ ಡಬ್ಬಿ, ಮುಚ್ಚಳಕ್ಕೊಂದು ಸರಪಳಿ. ಹೋದ ತಿಂಗಳು ನರಸೀಪುರದ ಕಡೆಯಿಂದ ಬಂದವರೊಬ್ಬರು ಅದನ್ನು ಬಟ್ಟೆಯಲ್ಲಿ ಸುತ್ತಿ ತಂದು ನನ್ನ ಕೈಗಿಟ್ಟರು. "ಮೇಸ್ತ್ರಿ ಓಗ್ಬುಟ್ರು ಸೋಮಿ. ಇದ್ನ ನಿಮ್ಗೇ ಮುಟ್ಟಿಸ್ಬೇಕು ಅಂತ ಏಳಿದ್ರು" ಎಂದರು. ಒಳಗೆ ಸುಣ್ಣ ಒಣಗಿ ಕಲ್ಲಾಗಿತ್ತು.

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಒಂದು ಸಲ ಅವರ ಹೆಸರನ್ನು ಕಾಗದದ ಮೇಲೆ ಬರೆದಿದ್ದೆ, ಅದರಿಂದ ಆದದ್ದೇ ಸಾಕು. ಮೇಸ್ತ್ರಿ ಎಂದೇ ಕರೆಯುತ್ತೇನೆ. ಊರವರು ಕರೆಯುತ್ತಿದ್ದುದು ಮಾತ್ರ "ಪುಕ್ಕಲು ಮೇಸ್ತ್ರಿ" ಎಂದು.

ಅವರಷ್ಟು ಹೆದರುವ ಗಂಡಸನ್ನು ನಾನು ನೋಡಿಲ್ಲ. ಆಳು ಆರಡಿ, ಕೈ ಒನಕೆಯ ಹಾಗೆ. ಆದರೆ ಯಾರ ಮನೆಗೆ ಹೋದರೂ ಹೊಸ್ತಿಲಲ್ಲೇ ನಿಂತು ಮೊದಲು ತೊಲೆ ನೋಡಬೇಕು, ಕಂಬ ಸವರಬೇಕು, ಆಮೇಲೆ ಒಳಗೆ ಕಾಲು. ರೈಲು ಸ್ಟೇಷನ್ನಿನ ತಗಡಿನ ಚಾವಣಿಯ ಕೆಳಗೆ ನಿಲ್ಲುತ್ತಲೇ ಇರಲಿಲ್ಲ, ಬಿಸಿಲಲ್ಲೇ ನಿಂತು ಬೇಯುವರು. ಕಬ್ಬಿಣದಲ್ಲಿ ಎಲ್ಲಾದರೂ ತೂತು ಕಂಡರಂತೂ ಮುಗಿದೇ ಹೋಯಿತು. ಕಿರುಬೆರಳನ್ನು ಅದರೊಳಗೆ ಇಟ್ಟು, ಕಣ್ಣು ಮುಚ್ಚಿ, ಸುತ್ತಲೂ ಮೆಲ್ಲಗೆ ತಿರುಗಿಸುವರು. ಆಗ ಅವರ ಹಣೆಯಲ್ಲಿ ಬೆವರು ಒಡೆಯುತ್ತಿತ್ತು.

ನಾನಾಗ ನಂಜನಗೂಡಿನಲ್ಲಿ ಇಲಾಖೆಯ ಹೊಸ ಓವರ್‌ಸೀಯರ್. ಇಪ್ಪತ್ತಾರು ವಯಸ್ಸು, ತಲೆಗೆ ರುಮಾಲು, ಬಾಯಿ ತುಂಬ ಇಂಗ್ಲಿಷು. ಕಪಿಲೆಯ ನೀರನ್ನು ಪಂಪಿನಲ್ಲಿ ಎತ್ತಿ ಒಂದು ಉಕ್ಕಿನ ಟ್ಯಾಂಕಿಗೆ ತುಂಬಿಸಿ, ಅದರಿಂದ ನಲ್ಲಿಗೆ ಬಿಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಟ್ಯಾಂಕಿಗೆ ನಾಲ್ಕು ಕಾಲು, ಒಂದೊಂದೂ ಇಪ್ಪತ್ತಡಿಯ ಉಕ್ಕಿನ ತೊಲೆ, ನೆಟ್ಟಗೆ ನಿಲ್ಲಿಸಿದ್ದು. ಮೇಸ್ತ್ರಿ ಅದನ್ನು ಜೋಡಿಸಲು ಬಂದವರು. ದೂರದ ಒಂದು ಗಣಿಯಲ್ಲಿ ಉಕ್ಕು ಜೋಡಿಸುವ ರಿವೀಟು ಮೊಳೆ ಹೊಡೆಯುವ ಕೆಲಸ ಕಲಿತು ಬಂದವರಂತೆ. ಓದು ಬರಹ ಇಲ್ಲ. ನಾನು ಅವರನ್ನು "ಏನಯ್ಯಾ ಮೇಸ್ತ್ರಿ" ಎಂದೇ ಮಾತಾಡಿಸುತ್ತಿದ್ದೆ. ನನ್ನ ತಂದೆಯ ವಯಸ್ಸಿನವರನ್ನು! ಆ ಕಾಲವೇ ಹಾಗಿತ್ತು ಎಂದು ಈಗ ಸಮಾಧಾನ ಹೇಳಿಕೊಳ್ಳಬಹುದು, ಹೇಳಿಕೊಂಡರೆ ಸಮಾಧಾನವಾಗುವುದಿಲ್ಲ.

ನಮ್ಮ ಅಮ್ಮನಿಗೆ ಅವರನ್ನು ಕಂಡರೆ ಅಕ್ಕರೆ. ಒಂದು ದಿನ ಜಗಲಿಯಲ್ಲಿ ಕೂರಿಸಿ ದೋಸೆ ಹಾಕಿದರು. ಮೇಸ್ತ್ರಿ ತಿನ್ನುವ ಮೊದಲು ದೋಸೆಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು.

"ಏನು ಮೇಸ್ತ್ರಿ, ದೋಸೇಲೂ ತೂತು ಹುಡುಕ್ತೀಯಲ್ಲಪ್ಪ! ಎಲ್ಲರ ಮನೆ ದೋಸೆಯೂ ತೂತೇ" ಎಂದರು ಅಮ್ಮ.

"ಇರ್ಲಿ ತಾಯಿ. ದ್ವಾಸೆ ಮ್ಯಾಲೆ ಯಾರೂ ಟ್ಯಾಂಕ್ ಮಡಗಾಕಿಲ್ಲ" ಎಂದರು ಮೇಸ್ತ್ರಿ, ನಗದೆ.

ತೂತಿನ ವಿಷಯದಲ್ಲಿ ಅವರು ನಗುತ್ತಲೇ ಇರಲಿಲ್ಲ. ಒಂದು ಸಂಜೆ ಹೊಳೆಯ ಹತ್ತಿರ ನನಗೆ ಪಾಠ ಹೇಳಿದರು. ನಾನು ಕಾಲೇಜಿನಲ್ಲಿ ಓದಿದ್ದ ಪುಸ್ತಕಗಳಲ್ಲಿ ಅದು ಇರಲಿಲ್ಲ. ಇದ್ದಿದ್ದರೂ ನಾನು ಆ ಹಾಳೆ ತಿರುವಿರಲಾರೆ. "ಒಳೆ ನಡೂಕೆ ಬಂಡೆ ಅದೆ ನೋಡಿ ಸೋಮಿ. ನೀರು ಅದ್ರೊಳಗೆ ಓಗಕ್ಕಾಗಲ್ಲ. ಪಕ್ಕಕ್ಕೆ ಒತ್ತರಿಸ್ಕಂಡು, ಸುತ್ತಾಕ್ಕಂಡು ಓಯ್ತದೆ. ಅಲ್ಲಿ ರಭಸ ನೋಡಿ ಎಂಗದೆ! ಉಕ್ಕಿನ ಕಾಲಲ್ಲಿ ಭಾರಾನೂ ಅಂಗೇ ಇಳೀತದೆ. ತೂತು ಬಂತಾ, ಅದ್ರೊಳಗೆ ಓಗಕ್ಕಿಲ್ಲ. ಎಡಕ್ಕೂ ಬಲಕ್ಕೂ ನುಗ್ತದೆ. ಒಂದಾಳು ಒರೋ ಜಾಗದಲ್ಲಿ ಮೂರಾಳು ಭಾರ."

"ಒತ್ತೋ ಭಾರ ತಾನೇ ಕಣಯ್ಯಾ? ಎಳೆದರೆ ಹರಿಯುತ್ತೆ. ಒತ್ತಿದರೆ ಏನಾಗುತ್ತೆ?" ಎಂದೆ ನಾನು ಬುದ್ಧಿವಂತನ ಹಾಗೆ.

ಮಾರನೆಯ ದಿನ ಅವರು ಸುಡದ ಇಟ್ಟಿಗೆಯೊಂದರ ನಡುವೆ ಬೆರಳಗಲ ತೂತು ಮಾಡಿ, ಒಣಗಿಸಿ, ನಿಲ್ಲಿಸಿ, ಅದರ ಮೇಲೆ ಕಲ್ಲಿನ ಮೇಲೆ ಕಲ್ಲು ಏರಿಸುತ್ತ ಹೋದರು. ಇಟ್ಟಿಗೆ ಬಿರಿಯಿತು. ಬಿರಿದದ್ದು ತೂತಿನ ಪಕ್ಕದಲ್ಲಲ್ಲ, ಮೇಲಕ್ಕೊಂದು ಕೆಳಕ್ಕೊಂದು ಸೀಳು! "ಪಕ್ಕದಲ್ಲಿ ನುಗ್ಗಾಟ, ಮ್ಯಾಲೆ ಕೆಳ್ಗೆ ಸೀಳಾಟ. ತೂತಿಗೆ ನಾಕು ಕಡೀಕೂ ಸುಖ ಇಲ್ಲ ಸೋಮಿ. ಅದ್ರಲ್ಲೂ ಮೂಲೆ ಇರೋ ತೂತು ಅಂದ್ರೆ ಯಮ. ದುಂಡಗಿದ್ರೆ ಭಾರ ಜಾರ್ಕಂಡು ಓಯ್ತದೆ, ಮೂಲೆ ಇದ್ರೆ ಅಲ್ಲೇ ಕಚ್ಕತದೆ" ಎಂದರು. ರಿವೀಟು ಬಡಿಯುವ ತೂತಿಗೆ ಅಷ್ಟು ಭಯವಿಲ್ಲವಂತೆ, ದುಂಡಗೆ ಕೊರೆದು ಬಿಗಿಯಾಗಿ ತುಂಬುತ್ತಾರೆ. ಉಳಿ ಹಾಕಿ ಬಡಿದು ಮಾಡಿದ ತೂತು ಬೇರೆ, ಪೆಟ್ಟು ತಿಂದ ಉಕ್ಕು ಪೆಡಸಾಗುತ್ತದೆ.

ಸುಣ್ಣದ ಗುಟ್ಟನ್ನೂ ಅಂದೇ ಹೇಳಿದರು. ಉಕ್ಕಿನ ಮೇಲೆ ಸುಣ್ಣ ಸವರಿ ಒಣಗಲು ಬಿಟ್ಟರೆ, ಭಾರಕ್ಕೆ ಉಕ್ಕು ಒಳಗೊಳಗೇ ಸೋಲುವ ಜಾಗದಲ್ಲಿ ಸುಣ್ಣ ಹಕ್ಕಳೆ ಎದ್ದು ಉದುರುತ್ತದಂತೆ. "ಉಕ್ಕು ಬಾಯಿ ಬುಡಲ್ಲ. ಸುಣ್ಣ ಏಳ್ತದೆ" ಎಂದರು.

ಇದೆಲ್ಲ ಕೇಳಿದ ಮೇಲೂ ನಾನು ಮಾಡಿದ ಕೆಲಸ ಹೇಳುತ್ತೇನೆ, ಕೇಳಿ.

ಮೇಸ್ತ್ರಿ ವರ್ಷಕ್ಕೊಮ್ಮೆ ಹೆಮ್ಮಿಗೆಗೆ ಹೋಗುತ್ತಿದ್ದರು. ಅಲ್ಲಿ ಅವರ ಅತ್ತಿಗೆಯ ಮನೆ. ಸತ್ತುಹೋದ ಅಣ್ಣನಿಗೆ ಎಡೆ ಇಟ್ಟು ಬರುವುದಕ್ಕೆ ಎರಡು ದಿನ. ಆ ವರ್ಷ ಅವರು ಹೋದಾಗಲೇ ಟ್ಯಾಂಕಿನ ಕೆಲಸ ಮುಗಿದಿತ್ತು. ಮೂರನೆಯ ದಿನ ಸಂಜೆ ಅಮಲ್ದಾರರು ಬಂದು ನಲ್ಲಿ ತಿರುಗಿಸುವುದೆಂದು ಗೊತ್ತಾಗಿತ್ತು. ಶೃಂಗಾರ ಮಾಡಬೇಕು. ಬಾಳೆಕಂಬ ಬಂತು, ಮಾವಿನ ತೋರಣ ಬಂತು. ಕಟ್ಟುವುದು ಎಲ್ಲಿಗೆ? ನಮ್ಮ ತೊಟ್ಟಿಮನೆಯ ಕಂಬಗಳಲ್ಲಿ ಒಂದೊಂದು ಗೂಟ ಇರುತ್ತದಲ್ಲ, ದೀಪವೋ ತೋರಣವೋ ತೂಗುಹಾಕುವುದಕ್ಕೆ? ಗೂಟವಿಲ್ಲದ ಕಂಬವನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಊರಿನ ಕಮ್ಮಾರನನ್ನು ಕರೆಸಿ, "ನಾಲ್ಕು ಕಾಲಿಗೂ ಎದೆಯೆತ್ತರಕ್ಕೆ ಒಂದೊಂದು ಗೂಟ ಹೊಡಿ" ಎಂದೆ. ಮನೆಯ ಗೂಟ ಚೌಕವಾದ್ದರಿಂದ ಅವನು ಚೌಕ ತೂತೇ ಮಾಡಿದ. ಕೊರೆದು, ಉಳಿ ಹಾಕಿ, ಸುತ್ತಿಗೆಯಲ್ಲಿ ಬಡಿದ. ಹೊಳೆಯ ಕಡೆಯ ಕಾಲಿನಲ್ಲಿ ಗೂಟ ಒಂದು ಗೇಣು ಮೇಲೆ ಬಂದು ತೋರಣ ಸೊಟ್ಟಗಾಯಿತು. "ಥೂ, ಸೊಟ್ಟ ಕಾಣುತ್ತೆ, ಕೆಳಗೆ ಇನ್ನೊಂದು ಹೊಡಿ" ಎಂದವನೂ ನಾನೇ. ಮೊದಲಿನ ತೂತಿಗೆ ಅರಗು ಕಾಸಿ ತುಂಬಿಸಿ, ಮೇಲೆ ಕಾಲಿನದೇ ಕೆಂಪು ಬಣ್ಣ ಬಳಿಸಿದೆ. ಅಲ್ಲೊಂದು ತೂತಿತ್ತೆಂದು ಯಾರಿಗೂ ತಿಳಿಯುವಂತಿರಲಿಲ್ಲ.

ಮಾರನೆಯ ಬೆಳಿಗ್ಗೆ ಮೇಸ್ತ್ರಿ ಹೆಮ್ಮಿಗೆಯಿಂದ ಬಂದರು. ಕಾಲುಗಳಲ್ಲಿ ಗೂಟ ಕಂಡವರೇ ಹೆಗಲ ಮೇಲಿನ ಗಂಟನ್ನು ಅಲ್ಲೇ ಹಾಕಿ ನೆಲದ ಮೇಲೆ ಕುಕ್ಕರಿಸಿಬಿಟ್ಟರು.

"ಯಾರು ಸೋಮಿ ಇದ್ನ ಮಾಡ್ಸುದ್ದು?"

"ಶೃಂಗಾರಕ್ಕೆ ಕಣಯ್ಯಾ. ಸಣ್ಣ ತೂತು."

"ನೀರ್ ತುಂಬುಸ್ಬ್ಯಾಡಿ. ನಿಮ್ ಕಾಲಿಗ್ ಬೀಳ್ತೀನಿ, ಇವತ್ತು ತುಂಬುಸ್ಬ್ಯಾಡಿ."

ಅಮಲ್ದಾರರು ಬರುವ ದಿನ ನೀರು ತುಂಬಿಸಬೇಡ ಎಂದರೆ? ಆಗಲ್ಲ ಎಂದೆ. ಅವರು ಎದ್ದರು. ಗೂಟಗಳನ್ನು ಕಿತ್ತು, ದುಂಡನೆಯ ಅರ ತೆಗೆದುಕೊಂಡು ನಾಲ್ಕು ತೂತಿನ ಮೂಲೆಗಳನ್ನೂ ಉಜ್ಜಿ ದುಂಡಗೆ ಮಾಡುತ್ತ ಬಂದರು. ತೂತುಗಳು ಮೊದಲಿಗಿಂತ ದೊಡ್ಡದಾದವು. "ಏನಯ್ಯಾ, ತೂತು ಕೆಟ್ಟದ್ದು ಅಂತೀಯ, ದೊಡ್ಡದು ಮಾಡ್ತೀಯ!" ಎಂದು ನಾನು ಕಿರುಚಿದೆ. "ದೊಡ್ಡದಾದ್ರೂ ಚಿಂತಿಲ್ಲ, ಮೂಲೆ ಓಗ್ಬೇಕು" ಎಂದರು, ತಲೆಯೆತ್ತದೆ. ಆಮೇಲೆ ಡಬ್ಬಿ ತೆಗೆದು ಸುಣ್ಣ ಕಲಸಿ, ನಾಲ್ಕು ಕಾಲಿಗೂ ಸೊಂಟದಿಂದ ತಲೆಯವರೆಗೆ ತೆಳ್ಳಗೆ ಬಳಿದರು. ಬಿಸಿಲಿಗೆ ಬೇಗ ಒಣಗಿತು. ಬಾಗಿದರೆ ತಿಳಿಯಲೆಂದು ಒಂದೊಂದು ಕಾಲಿನ ಪಕ್ಕವೂ ತೂಗುಗುಂಡಿನ ದಾರ ಇಳಿಬಿಟ್ಟರು. ಕೊನೆಗೆ ನನ್ನ ಮುಖ ನೋಡಿದರು.

"ಇಷ್ಟೇನಾ ಸೋಮಿ? ಬ್ಯಾರೆಲ್ಲೂ ಒಡ್ಸಿಲ್ವಲ್ಲಾ?"

"ಇಷ್ಟೇ" ಎಂದೆ.

ಯಾಕೆ ಹಾಗೆಂದೆ? ಅವರೆದುರು ಹುಂಬನಾಗುವ ಭಯ. ಒಂದು ಭಯಕ್ಕೆ ಹೆದರಿ ಅದಕ್ಕಿಂತ ದೊಡ್ಡ ಭಯವನ್ನು ಮೈಮೇಲೆ ಎಳೆದುಕೊಂಡೆ.

ಪಂಪು ಶುರುವಾಯಿತು. ತಲೆಯ ಮೇಲೆ ಖಾಲಿ ಟ್ಯಾಂಕಿಗೆ ನೀರು ಬೀಳುವ ಸದ್ದು ಗುಡುಗಿನ ಹಾಗೆ ಕೇಳಿಸಿತು. ನಲ್ಲಿಗಳಿದ್ದದ್ದು ಟ್ಯಾಂಕಿನ ಕೆಳಗೇ. ಹೆಂಗಸರು ಬಿಂದಿಗೆ ಹಿಡಿದು ಆಗಲೇ ಸೇರಿದ್ದರು. ನೆರಳಿದೆ ಎಂದು ಕೆಲವರು ಕುಳಿತೂ ಇದ್ದರು. ಮೇಸ್ತ್ರಿ ಎಷ್ಟು ಬೇಡಿಕೊಂಡರೂ ಏಳಲಿಲ್ಲ. "ಓಗೋ ಪುಕ್ಲ!" ಎಂದು ನಕ್ಕರು. ಅವರ ಮಧ್ಯೆ ನಮ್ಮ ಅಮ್ಮ. ಮಗ ತಂದ ನೀರು, ಮೊದಲ ಬಿಂದಿಗೆ ತನಗೇ ಆಗಬೇಕೆಂದು ಹಿತ್ತಾಳೆ ಬಿಂದಿಗೆಯನ್ನು ಹುಣಿಸೆಹಣ್ಣಿನಲ್ಲಿ ತೊಳೆದು ತಂದಿದ್ದರು.

ಕಾಲು ಭಾಗ ತುಂಬಿತು. ಮೇಸ್ತ್ರಿ ಒಂದೊಂದು ಕಾಲನ್ನೂ ಸುತ್ತಿ ಬಂದರು. ಸುಣ್ಣ ಬಿಳಿಯಾಗಿಯೇ ಇತ್ತು. ಅರ್ಧ ತುಂಬಿತು. ಅರ್ಧಕ್ಕೆ ಸ್ವಲ್ಪ ಮೇಲೆ ಹೋದಾಗ ಹೊಳೆಯ ಕಡೆಯ ಕಾಲಿನ ಹತ್ತಿರ ಅವರು ಗಕ್ಕನೆ ನಿಂತರು. ತೂತಿನ ಹತ್ತಿರವಲ್ಲ. ಅದಕ್ಕಿಂತ ಒಂದು ಗೇಣು ಮೇಲೆ, ಸುಣ್ಣದಡಿ ಬರಿಯ ಕೆಂಪು ಬಣ್ಣವಿದ್ದ ಜಾಗದಲ್ಲಿ, ಸುಣ್ಣ ಓರೆ ಗೀಟಿನ ಹಾಗೆ ಎದ್ದು ಸಣ್ಣ ಹಕ್ಕಳೆಯಾಗಿ ಉದುರುತ್ತಿತ್ತು.

"ಇಲ್ಲಿ ತೂತೇ ಇಲ್ವಲ್ಲ" ಎಂದರು ಮೇಸ್ತ್ರಿ ತಮ್ಮಷ್ಟಕ್ಕೆ. "ಸುಣ್ಣ ಯಾಕೆ ಉದುರ್ತದೆ?" ದಾರ ನೋಡಿದರು. ಕಾಲು ದಾರದಿಂದ ಒಂದು ಎಳೆಯಷ್ಟು ಆಚೆಗೆ ಬಾಗಿತ್ತು. ಮತ್ತೆ ನನ್ನ ಕಡೆ ತಿರುಗಿದರು.

ಏಳೆಂಟು ಉಸಿರಿನಷ್ಟು ಹೊತ್ತು ನಾನು ಸುಮ್ಮನೆ ನಿಂತಿದ್ದೆ. ಮೇಲೆ ನೀರು ಬೀಳುತ್ತಿತ್ತು, ಕೆಳಗೆ ನನ್ನ ತಾಯಿ ಯಾರ ಜೊತೆಗೋ ನಗುತ್ತ ಕುಳಿತಿದ್ದರು. ಅಷ್ಟು ಹೊತ್ತು!

"ಇದೆ" ಎಂದೆ ಕೊನೆಗೆ. "ಅಲ್ಲೊಂದಿದೆ. ಅರಗು ತುಂಬಿಸಿದ್ದೀನಿ."

ಅವರು ಬೈಯಲಿಲ್ಲ. ಬೈಯುವುದಕ್ಕೆ ಹೊತ್ತೂ ಇರಲಿಲ್ಲ. "ಪಂಪ್ ನಿಲ್ಸಿ, ಓಡಿ!" ಎಂದು ನನ್ನನ್ನು ತಳ್ಳಿ, ತಾವು ಟ್ಯಾಂಕಿನ ಕೆಳಕ್ಕೆ ನುಗ್ಗಿದರು. ರೈಲು ಸ್ಟೇಷನ್ನಿನ ಚಾವಣಿಯ ಕೆಳಗೂ ನಿಲ್ಲದ ಮನುಷ್ಯ! "ಏಳ್ರವ್ವಾ, ಏಳ್ರೀ, ಓಡ್ರೀ!" ಎಂದು ಕೂಗುತ್ತ, ಎದ್ದವರನ್ನು ದಬ್ಬಿ, ಏಳದವರ ಬಿಂದಿಗೆ ಕಿತ್ತು ಆಚೆಗೆ ಎಸೆದರು. ಬಿಂದಿಗೆಯ ಹಿಂದೆ ಹೆಂಗಸರು ಬೈಯುತ್ತ ಓಡಿದರು. ನಮ್ಮ ಅಮ್ಮನನ್ನು ಎರಡು ಕೈಯಲ್ಲಿ ಎತ್ತಿಕೊಂಡೇ ಹೊರಗೆ ತಂದರಂತೆ. ನಾನು ಹೊಳೆದಂಡೆಗೆ ಓಡಿ ಪಂಪು ನಿಲ್ಲಿಸಿ ಬಂದಾಗ ಅವರು ಒಬ್ಬರೇ ಕೆಳಗೆ ನಿಂತು ಎಲ್ಲ ನಲ್ಲಿಗಳನ್ನೂ ತಿರುಗಿಸಿ ನೀರನ್ನು ಮೋರಿಗೆ ಬಿಡುತ್ತಿದ್ದರು. ಗಡಗಡ ನಡುಗುತ್ತಿದ್ದರು, ಆದರೆ ನೀರು ಪೂರಾ ಇಳಿಯುವವರೆಗೆ ಆಚೆಗೆ ಬರಲಿಲ್ಲ.

ಟ್ಯಾಂಕು ಬೀಳಲಿಲ್ಲ. ಅಮಲ್ದಾರರು ಬಂದು ಒಣ ನಲ್ಲಿಯನ್ನೂ ಕಾಲಿನ ತೂತುಗಳನ್ನೂ ನೋಡಿ ಸಿಡಿಮಿಡಿಗೊಂಡು ಹೋದರು. ಮುಂದಿನ ವಾರ ಮೇಸ್ತ್ರಿ ಆ ಕಾಲಿಗೆ ಎರಡೂ ಕಡೆ ಉಕ್ಕಿನ ತಗಡು ಕೂರಿಸಿ ರಿವೀಟು ಬಡಿದು ಗಟ್ಟಿ ಮಾಡಿದರು. ಅಷ್ಟರಲ್ಲಿ ಮೇಲಿನಿಂದ ಕಾಗದ ಬಂತು. ತೂತು ಮಾಡಿಸಿದವರು ಯಾರು? ಮೇಸ್ತ್ರಿಯ ಕೈಫಿಯತ್ತು ತೆಗೆದು ಕಳಿಸತಕ್ಕದ್ದು.

ಕೈಫಿಯತ್ತು ಎಂದರೆ ಅವರ ಹೇಳಿಕೆ. ಅವರಿಗೆ ಬರೆಯಲು ಬಾರದ್ದರಿಂದ ಬರೆದುಕೊಳ್ಳಬೇಕಾದವನು ನಾನು. ಇದೇ ನಾನು ಅವರ ಹೆಸರು ಬರೆದ ಆ ಕಾಗದ. ಅವರು ನಡೆದದ್ದನ್ನು ಹೇಳಿದರು, ನನ್ನ ಅರಗಿನ ಸುದ್ದಿಯನ್ನು ಮಾತ್ರ ಅವರಾಗಿಯೇ ಬಿಟ್ಟರು. ನಾನು ಬರೆದೆ. ತೂತು ಯಾರು ಮಾಡಿಸಿದರೆಂಬ ಕಡೆ ಮಾತ್ರ ಅವರ ಮಾತು ಬಿಟ್ಟು ಒಂದು ಸಾಲು ನನ್ನದು ಸೇರಿಸಿದೆ: "ಸದರಿ ರಂಧ್ರಗಳನ್ನು ಓವರ್‌ಸೀಯರರ ಅಪ್ಪಣೆಯಿಲ್ಲದೆ ನಾನೇ ಮಾಡಿಸಿರುತ್ತೇನೆ." ಓದಿ ಹೇಳಬೇಕಾದದ್ದು ಕಾನೂನು. ಓದಿ ಹೇಳಿದೆ, ಆ ಸಾಲು ಬಿಟ್ಟು. ಅವರು ಕೇಳಿಸಿಕೊಂಡರು. ಹೆಬ್ಬೆಟ್ಟು ಒತ್ತಿದರು.

ಹದಿನೈದು ದಿನಕ್ಕೆ ಅವರನ್ನು ಕೆಲಸದಿಂದ ತೆಗೆದರು. ಗಂಟು ಹೊತ್ತುಕೊಂಡು ತಮ್ಮ ಊರು ನರಸೀಪುರಕ್ಕೆ ಹೊರಟವರು ನಮ್ಮ ಮನೆಯ ಮುಂದೆ ನಿಂತು, "ಬತ್ತೀನಿ ತಾಯಿ" ಎಂದು ಅಮ್ಮನಿಗೆ ಹೇಳಿಹೋದರು. ನಾನು ಒಳಗೆ ಬಾಗಿಲ ಹಿಂದೆ ನಿಂತಿದ್ದೆ.

ಆಮೇಲಿನ ಒಂದು ವರ್ಷ ನಾನು ಬದುಕಿದ ಬದುಕು ಯಾರಿಗೂ ಬೇಡ. ಯಾರಾದರೂ ಅವರಿಗೆ ಆ ಕಾಗದ ಓದಿ ಹೇಳಿದರೆ? ಟಪ್ಪಾಲಿನವನು ಬಂದರೆ ಹಿತ್ತಿಲಿಗೆ ನಡೆಯುವೆ. ನರಸೀಪುರದ ಗಾಡಿ ಕಂಡರೆ ಬೇರೆ ಬೀದಿ ಹಿಡಿಯುವೆ. ಮನೆಯೊಳಗೆ ಕಾಲಿಡುವಾಗ ನನಗೇ ತಿಳಿಯದ ಹಾಗೆ ಕಂಬ ಸವರತೊಡಗಿದ್ದೆ. ಅಮ್ಮ ನೋಡಿ, "ನಿನಗೂ ಮೇಸ್ತ್ರಿಯ ರೋಗ ಹತ್ತಿತೇನೋ?" ಎಂದರು. ಹೌದಮ್ಮ, ಹತ್ತಿತ್ತು.

ತಡೆಯಲಾರದೆ ಒಂದು ದಿನ ಗಾಡಿ ಕಟ್ಟಿಸಿಕೊಂಡು ಹೋದೆ. ನರಸೀಪುರದಲ್ಲಿ ಕಪಿಲೆ ಕಾವೇರಿ ಸೇರುವ ಕಡೆ, ಮೆಟ್ಟಿಲ ಮೇಲೆ ಅವರು ಕುಳಿತಿದ್ದರು. ನನ್ನನ್ನು ಕಂಡು ಎದ್ದು ನಿಂತರು. "ಕೂತ್ಕೊಳ್ಳಿ ಮೇಸ್ತ್ರಿಗಳೇ" ಎಂದೆ. ಮೊದಲ ಸಲ ಬಹುವಚನ ಬಾಯಿಗೆ ಬಂತು. ಉಸಿರು ಹಿಡಿದು ಎಲ್ಲ ಹೇಳಿಬಿಟ್ಟೆ. ಆ ಸಾಲನ್ನು ಅಕ್ಷರ ಬಿಡದೆ ಹೇಳಿದೆ.

ಅವರು ನೀರು ನೋಡುತ್ತ ಕೇಳಿದರು. "ಗೊತ್ತಿತ್ತು ಸೋಮಿ" ಎಂದರು.

"ಯಾರು ಹೇಳಿದರು?"

"ಯಾರೂ ಏಳ್ನಿಲ್ಲ. ನಂಗೆ ಓದಕ್ ಬರಲ್ಲ. ಆದ್ರೆ ನೀವು ಓದ್ವಾಗ ನಿಮ್ ದನಿ ಒಂದ್ ಕಡೆ ಒತ್ತರಿಸ್ಕಂಡು, ಸುತ್ತಾಕ್ಕಂಡು ಓಯ್ತು. ಓ, ಇಲ್ಲೊಂದ್ ತೂತದೆ ಅನ್ಕಂಡೆ."

ನನಗೆ ಅಳು ಬಂತು. "ಗೊತ್ತಿದ್ದೂ ಹೆಬ್ಬೆಟ್ಟು ಒತ್ತಿದಿರಾ?"

ಅವರು ಸೊಂಟದ ಡಬ್ಬಿ ಬಿಚ್ಚಿ ಪಕ್ಕದಲ್ಲಿಟ್ಟರು. "ಗಣೀಲಿ ನಮ್ಮಣ್ಣನೂ ನಾನೂ ಒಟ್ಗೇ ಇದ್ದೋ. ಅವ್ನಿಗೆ ಬೆಳ್ಕಾಗ್ಲಿ ಅಂತ ಲಾಟೀನು ತೂಗಾಕಕ್ಕೆ ಕಬ್ಬಣದ್ ಕಾಲಿಗೆ ಒಂದ್ ತೂತು ಒಡ್ದೆ. ಚೌಕದ್ದು. ಕಾಲು ಮುರ್ಕಂತು, ಅಣ್ಣ ಅಡೀಲಿದ್ದ. ಹೆಮ್ಮಿಗೇಲಿ ಅತ್ಗೆ ಮುಂದೆ, ಗಣೀಗಿಳಿಯೋ ಅಗ್ಗ ಕಿತ್ಕಂತು ಅಂದ್ಬುಟ್ಟೆ. ವರ್ಸ ವರ್ಸ ಎಡೆ ಇಕ್ಕಕ್ಕೆ ಓಯ್ತೀನಿ, ಏಳ್ಬೇಕು ಅಂತ್ಲೇ ಓಯ್ತೀನಿ, ಉಂಡು ಎದ್ ಬತ್ತೀನಿ. ನಿಮ್ ದನಿ ಅಂಗೆ ಓದಾಗ ನಂದೇ ದನಿ ಕೇಳ್ದಂಗಾಯ್ತು ಸೋಮಿ. ಇನ್ನೇನ್ ಮಾತಾಡ್ಲಿ?"

"ನಾಳೆಯೇ ಇಂಜಿನಿಯರರಿಗೆ ಬರೆಯುತ್ತೇನೆ" ಎಂದೆ.

"ಬರೀರಿ" ಎಂದರು. ಬೇಡ ಎನ್ನುತ್ತಾರೆಂದು ನಾನು ಕಾದಿದ್ದೆ. ಅವರು ಹಾಗೆನ್ನಲಿಲ್ಲ. "ಏಳೋದು ಕಷ್ಟ ಅಲ್ಲ ಕಣ್ ಸೋಮಿ. ಏಳೋಕ್ ಮುಂಚಿನ ಎದ್ರಿಕೆ ಅದ್ಯಲ್ಲ, ಅದೇ ಕಷ್ಟ."

ನಾನು ಬರೆಯಲಿಲ್ಲ. ನಾಳೆ ಎಂದದ್ದು ನಾಡಿದ್ದಾಯಿತು, ವರ್ಗವಾಯಿತು, ಬಡ್ತಿಯಾಯಿತು, ನಿವೃತ್ತಿಯೂ ಆಯಿತು. ಟ್ಯಾಂಕು ತಗಡಿನ ತೇಪೆ ಹೊತ್ತು ಇಂದಿಗೂ ನಿಂತಿದೆ. ಕೈಫಿಯತ್ತು ಯಾವುದೋ ದಫ್ತರದಲ್ಲಿ ಅವರ ಹೆಬ್ಬೆಟ್ಟು ಹೊತ್ತು ಮಲಗಿದೆ. ಡಬ್ಬಿ ತಂದವರನ್ನು, "ಹೆಮ್ಮಿಗೆಯ ಅತ್ತಿಗೆ ಇದ್ದಾರಾ?" ಎಂದು ಕೇಳಿದೆ. "ಅವ್ರೆ ಸೋಮಿ. ಮೇಸ್ತ್ರಿ ಕಡೇ ದಿನ ಅವ್ರನ್ನ ಕರುಸ್ಕಂಡು ಅದೇನೋ ಒಂದ್ ಮಾತು ಏಳುದ್ರು. ಆಯಮ್ಮ ಅತ್ತು, ಬಾಯಿಗೆ ನೀರು ಬುಟ್ರು. ಆಮ್ಯಾಕೆ ಮೇಸ್ತ್ರಿ ಓಗ್ಬುಟ್ರು" ಎಂದರು.

ಆ ಪುಕ್ಕಲು ಮನುಷ್ಯ ಹೇಳಿಯೇ ಹೋದರು. ಉಳಿದವನು ನಾನೊಬ್ಬ.

ಇಷ್ಟು ಬರೆದು ಇಂದು ಮಧ್ಯಾಹ್ನ ನನ್ನ ಹೆಂಡತಿಯನ್ನು ಎದುರಿಗೆ ಕೂರಿಸಿಕೊಂಡು ಗಟ್ಟಿಯಾಗಿ ಓದಿದೆ. ಕೈಫಿಯತ್ತಿನ ಕಡೆ ಬಂದಾಗ ಅವಳು ತಲೆಯೆತ್ತಿ, "ಇಲ್ಲೇನೋ ನುಂಗಿದಿರಲ್ಲ?" ಎಂದಳು. ಡಬ್ಬಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಮತ್ತೆ ಮೊದಲಿನಿಂದ ಓದಿದೆ. ಸದರಿ ರಂಧ್ರಗಳನ್ನು ಮಾಡಿಸಿದವನು ನಾನು.